ಮೇಸ್ತ್ರಿ ಗಿಲಾವಿಗೆ ಮುಂಚೆಯೇ ಏಕೆ ಕೈಬಿಡುತ್ತಾನೆ?

ಪ್ರಶ್ನೆ: ನಾನು ಹುಬ್ಬಳ್ಳಿಯ ಸಣ್ಣ ಗುತ್ತಿಗೆದಾರ. ಗದಗ ರಸ್ತೆ ಕಡೆ ಒಬ್ಬರಿಗೆ ಜಿ+2 (ನೆಲಮಹಡಿ, ಅದರ ಮೇಲೆ ಎರಡು) ಮನೆ ಕಟ್ಟುತ್ತಿದ್ದೇನೆ. ಮಹಡಿಗೆ 1,000ದಂತೆ ಒಟ್ಟು 3,000 ಚದರಡಿ. ಸಾಮಾನು, ಕೂಲಿ ಎಲ್ಲ ಸೇರಿ ಚದರಡಿಗೆ 1,850 ರೂಪಾಯಿ, ಅವಧಿ 10 ತಿಂಗಳು, ತಡವಾದರೆ ವಾರಕ್ಕೆ ಶೇ 0.5, ಗರಿಷ್ಠ ಶೇ 5 ದಂಡ ಎಂದು ಕರಾರು. ಗೌಂಡಿ ಕೆಲಸ, ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು, ಗಿಲಾವು (ಪ್ಲಾಸ್ಟರ್) ಎಲ್ಲವನ್ನೂ ಒಬ್ಬ ಮೇಸ್ತ್ರಿಗೆ ಚದರಡಿಗೆ 300ರಂತೆ ಕೂಲಿ ಗುತ್ತಿಗೆ ಕೊಟ್ಟೆ. ಮೂರೂ ಸ್ಲ್ಯಾಬ್ ಆಗಿವೆ, ಗೋಡೆ ಮುಗಿದಿದೆ, ಅವನಿಗೆ 7.80 ಲಕ್ಷ ಸಂದಿದೆ. ಯುಗಾದಿಗೆ ಹೋದ 14 ಜನರಲ್ಲಿ ಆರು ಮಂದಿ ಬರಲೇ ಇಲ್ಲ. ಈಗ ಮೇಸ್ತ್ರಿ ಛಜ್ಜ, ಪ್ಯಾರಪೆಟ್, ಸಂಪು ಬೇರೆ ಲೆಕ್ಕ, 85,000 ಕೊಟ್ಟರೆ ಮಾತ್ರ ಗಿಲಾವು ಎನ್ನುತ್ತಾನೆ. ಅತ್ತ ಮನೆ ಮಾಲೀಕರು 5.60 ಲಕ್ಷದ ಬಿಲ್ಲು ತಡೆದು, 13 ವಾರ ತಡವಾಗಿದೆ, ದಂಡ ಮುರಿದುಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಪಾಯ 5 ಅಡಿ ಬದಲು 7 ಅಡಿ ಹೋಯಿತು, ಮೆಟ್ಟಿಲು ಜಾಗ ಬದಲಾಯಿಸಿದರು, ಒಂದು ಶೌಚಾಲಯ ಹೆಚ್ಚಿಗೆ ಹೇಳಿದರು. ಎಲ್ಲ ಬಾಯಿ ಮಾತು. ಆಳುಗಳ ಮನಸ್ಸು ಕೆಲಸದಲ್ಲಿ ನಿಲ್ಲುವಂತೆ ಏನು ಮಾಡಲಿ? ಈ ಎರಡು ತಕರಾರನ್ನು ಹೇಗೆ ಬಗೆಹರಿಸಲಿ?

ಉತ್ತರ: ಮೊದಲು ಮೇಸ್ತ್ರಿಯ ಲೆಕ್ಕವನ್ನು ಅವನ ಜಾಗದಲ್ಲಿ ಕುಳಿತು ಮಾಡಿ ನೋಡಿ. ಒಟ್ಟು ಗುತ್ತಿಗೆ 9 ಲಕ್ಷ, ಸಂದದ್ದು 7.80, ಉಳಿದದ್ದು 1.20 ಲಕ್ಷ. ಇಂಥ ಮನೆಯಲ್ಲಿ ಒಳಗೋಡೆ, ಹೊರಗೋಡೆ, ಸೀಲಿಂಗ್ ಸೇರಿ ಗಿಲಾವಿನ ವಿಸ್ತೀರ್ಣ ಕಟ್ಟಡದ ವಿಸ್ತೀರ್ಣದ ಸುಮಾರು ಮೂರೂವರೆ ಪಟ್ಟು ಬರುತ್ತದೆ. ಅಂದರೆ ನಿಮ್ಮಲ್ಲಿ 10,500 ಚದರಡಿ. ಒಬ್ಬ ಗೌಂಡಿ, ಒಬ್ಬ ಹೆಲ್ಪರ್ ಜೋಡಿ ದಿನಕ್ಕೆ 100 ಚದರಡಿ ಮಾಡಿದರೆ 105 ದಿನದ ಕೆಲಸ. ಗೌಂಡಿಗೆ 900, ಹೆಲ್ಪರ್‌ಗೆ 600 ಹಾಜರಿ (ದಿನದ ಕೂಲಿ) ಎಂದು ಹಿಡಿಯಿರಿ. 1,57,500 ರೂಪಾಯಿ ಬರೀ ಕೂಲಿಗೇ ಬೇಕು. ಅವನ ಕೈಯಲ್ಲಿ ಇನ್ನು ಬರಬೇಕಾದದ್ದು 1,20,000. ಕೆಲಸ ಮುಂದುವರಿಸಿದರೆ ತನ್ನ ಜೇಬಿನಿಂದ 37,500 ಹಾಕಬೇಕು, ಜೊತೆಗೆ ಬಾತ್‌ರೂಮ್, ಮೆಟ್ಟಿಲು, ನೆಲದ ಬೆಡ್ಡು ಇನ್ನೂ ಬಾಕಿ. 85,000ದ ತಗಾದೆ ಹುಟ್ಟಿದ್ದು ಛಜ್ಜದಿಂದಲ್ಲ, ಈ ಲೆಕ್ಕದಿಂದ. ಛಜ್ಜ ಅವನಿಗೆ ಸಿಕ್ಕ ನೆಪ.

ಹುಬ್ಬಳ್ಳಿ–ಧಾರವಾಡದಲ್ಲಿ ಅರ್ಧಕ್ಕೆ ನಿಂತ ಬಹಳಷ್ಟು ಮನೆಗಳು ನಿಲ್ಲುವುದು ಇದೇ ಹಂತದಲ್ಲಿ. ಸ್ಲ್ಯಾಬ್ ಕಣ್ಣಿಗೆ ಕಾಣುತ್ತದೆ, ಪೂಜೆ ಆಗುತ್ತದೆ, ಮಾಲೀಕರೂ ಖುಷಿಯಿಂದ ಹಣ ಬಿಡುತ್ತಾರೆ. ಹೀಗಾಗಿ ಹಂತದ ಹಣವೆಲ್ಲ ಸ್ಲ್ಯಾಬಿಗೇ ವಾಲುತ್ತದೆ. ಆದರೆ ಆಳುಗಳ ದಿನಗಳನ್ನು ಹೆಚ್ಚು ತಿನ್ನುವುದು ಗಿಲಾವು. ಇಡೀ ಕೂಲಿ ಗುತ್ತಿಗೆಯಲ್ಲಿ ಗೋಡೆ, ಸ್ಲ್ಯಾಬ್ ಮುಗಿಯುವ ಹೊತ್ತಿಗೆ ಕನಿಷ್ಠ ನಾಲ್ಕನೇ ಒಂದು ಪಾಲು ಹಣ ಉಳಿದಿರಬೇಕು. ನಿಮ್ಮಲ್ಲಿ ಉಳಿದದ್ದು ಶೇ 13. ಇದರಲ್ಲಿ ಮೇಸ್ತ್ರಿಯ ಕಳ್ಳತನಕ್ಕಿಂತ ನಿಮ್ಮ ಹಂತದ ಪಟ್ಟಿಯ ತಪ್ಪು ಹೆಚ್ಚು.

ಹಾಗಂತ 85,000 ಕೊಟ್ಟು ಕೈತೊಳೆದುಕೊಳ್ಳಬೇಡಿ. ಕೊಟ್ಟರೆ ಅದು ಹಳೆಯ ನಷ್ಟ ತುಂಬಲು ಹೋಗುತ್ತದೆ, ಗಿಲಾವಿಗೆ ಮತ್ತೆ ಹಣ ಸಾಲದು. ಚದರಡಿಗೆ 300ರ ಗುತ್ತಿಗೆಯನ್ನು ಇವತ್ತಿನವರೆಗೆ ಅಳೆದು ಅಲ್ಲಿಗೇ ಮುಚ್ಚಿ. ಉಳಿದ ಕೆಲಸಕ್ಕೆ ಐಟಂ ದರದಲ್ಲಿ ಹೊಸ ಚೀಟಿ ಮಾಡಿ. ಗಿಲಾವಿನ ಕೂಲಿ ಮೇಲಿನ ಲೆಕ್ಕದಲ್ಲಿ ಚದರಡಿಗೆ 15 ಬಿತ್ತು. ಅಟ್ಟಣಿಗೆ ಕಟ್ಟುವುದು, ಮೇಸ್ತ್ರಿಯ ಲಾಭ ಸೇರಿಸಿ 18 ಎಂದುಕೊಳ್ಳಿ, 1.89 ಲಕ್ಷ. ಉಳಿದ ಚಿಲ್ಲರೆ ಕೆಲಸಕ್ಕೆ 40,000. ಎರಡೂ ಸೇರಿ 2.29 ಲಕ್ಷ. ಹಾಗಾದರೆ ಆದ ಕೆಲಸದ ಬೆಲೆ 6.71 ಲಕ್ಷ, ಅವನಿಗೆ ಹೆಚ್ಚಿಗೆ ಹೋದದ್ದು 1.09 ಲಕ್ಷ. ಹೆಚ್ಚುವರಿ ಕೆಲಸ ಅಳೆದಾಗ, ಮಾತಿಗೆ, 60,000ದ್ದು ನಿಜ ಎಂದು ಬಂತೆನ್ನಿ. ನಿವ್ವಳ 49,000 ನಿಮಗೆ ಬರಬೇಕು.

ಈ 49,000ವನ್ನು ಮೊದಲ ಬಿಲ್ಲಿನಲ್ಲೇ ಮುರಿದರೆ ಮೇಸ್ತ್ರಿ ಮರುದಿನ ಫೋನ್ ಎತ್ತುವುದಿಲ್ಲ. 18ರಲ್ಲಿ 15 ಆಳಿಗೆ ಹೋಗುವಾಗ ಚದರಡಿಗೆ 2 ರೂಪಾಯಿಗಿಂತ ಹೆಚ್ಚು ಹಿಡಿಯಲಾಗದು. 10,500 ಚದರಡಿಗೆ 21,000 ವಾಪಸ್ ಬರುತ್ತದೆ. ಉಳಿದ 28,000 ಬಿಟ್ಟುಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಹೊಸ ತಂಡ ತಂದರೆ ಅವರು ಮೊದಲ ದಿನವೇ ತೂಗುಗುಂಡು ಬಿಟ್ಟು, "ಗ್ವಾಡಿ ಸೊಟ್ಟ ಅದರಿ, ಮಾಲು ದಪ್ಪ ಕೂಡತೈತಿ" (ಮಾಲು ಎಂದರೆ ಸಿಮೆಂಟು–ಉಸುಕಿನ ಗಾರೆ) ಎಂದು ದರಕ್ಕೆ ಮೂರು ನಾಲ್ಕು ರೂಪಾಯಿ ಏರಿಸುತ್ತಾರೆ. ಆಗ 28,000ಕ್ಕಿಂತ ಹೆಚ್ಚೇ ಹೋಗುತ್ತದೆ, ಗೋಡೆ ಸೊಟ್ಟಾಗಿದ್ದಕ್ಕೆ ಜವಾಬ್ದಾರಿ ಯಾರದ್ದೂ ಅಲ್ಲದಂತಾಗುತ್ತದೆ.

ಇನ್ನು ಅಳತೆ. "ಚದರಡಿಗೆ 300" ಎಂದು ಬರೆದು, ಯಾವ ಚದರಡಿ ಎಂದು ಬರೆಯದಿದ್ದರೆ ಆ ಕಾಗದ ತಕರಾರಿನ ಆಮಂತ್ರಣ ಪತ್ರಿಕೆ. ಛಜ್ಜ, ಲಾಫ್ಟ್, ಬಾಲ್ಕನಿ, ಪ್ಯಾರಪೆಟ್, ಮೆಟ್ಟಿಲಿನ ತಲೆಕೋಣೆ, ಸಂಪು, ಸೆಪ್ಟಿಕ್ ಟ್ಯಾಂಕು, ಕಂಪೌಂಡು, ಈ ಎಂಟರ ಹೆಸರು ಹಿಡಿದು, ಒಳಗೋ ಹೊರಗೋ, ಹೊರಗಾದರೆ ಯಾವ ಅಳತೆಯಲ್ಲಿ ಎಂದು ಬರೆಯಬೇಕು. ಛಜ್ಜ ಚದರಡಿಗೆ, ಪ್ಯಾರಪೆಟ್ ಉದ್ದದ ಅಡಿಗೆ, ಸಂಪು ಲೀಟರಿಗೆ ಎಂದು ಮಾತಾಡುವುದು ನಮ್ಮ ಕಡೆ ರೂಢಿ. ಈಗ ಅದು ಬರೆದಿಲ್ಲವಾದ್ದರಿಂದ ಅವನು ಇದೇ ಊರಲ್ಲಿ ಬೇರೆ ಸೈಟಿನಲ್ಲಿ ಹೇಗೆ ತೆಗೆದುಕೊಂಡಿದ್ದಾನೆ ಎಂಬುದನ್ನೇ ಆಧಾರ ಮಾಡಿ. ಸಾಮಾನ್ಯವಾಗಿ ಸಂಪು, ಸೆಪ್ಟಿಕ್ ಬೇರೆ ಲೆಕ್ಕವೇ. ಕಿಟಕಿಯ ಮೇಲಿನ ಛಜ್ಜ ಬೇರೆ ಎಂದು ಕೇಳುವವರು ಕಡಿಮೆ. ಆದ್ದರಿಂದ ಅವನ ಮಾತೂ ಪೂರ್ತಿ ಸುಳ್ಳಲ್ಲ.

ಗಿಲಾವು ಶುರುವಾದ ಮೇಲೆ ಜಗಳ ಬರುವ ಜಾಗ ಬಾಗಿಲು. ಒಳಬಾಗಿಲು 3.5 × 7 ಅಡಿ, 24.5 ಚದರಡಿ. ಮನೆಯಲ್ಲಿ ಹತ್ತು ಇವೆ ಎನ್ನೋಣ. ಮೇಸ್ತ್ರಿ ಗೋಡೆಯ ಎರಡೂ ಬದಿ ಪೂರ್ತಿ ಅಳೆದು ಏನೂ ವಜಾ ಮಾಡುವುದಿಲ್ಲ, "ಚೌಕಟ್ಟಿನ ಅಂಚು ತಿದ್ದಾಕ ಯಾರು ಕೂಲಿ ಕೊಡತಾರ?" ಎನ್ನುತ್ತಾನೆ. ನೀವು ಎರಡೂ ಬದಿ ವಜಾ ಮಾಡುತ್ತೀರಿ, 490 ಚದರಡಿ. ಐಎಸ್ 1200 ಅಳತೆ ನಿಯಮ ನಡುವೆ ನಿಲ್ಲುತ್ತದೆ: 0.5 ಚದರ ಮೀಟರ್ ಒಳಗಿನ ಕಂಡಿಗೆ ವಜಾ ಇಲ್ಲ, 0.5ರಿಂದ 3 ಚದರ ಮೀಟರ್‌ವರೆಗೆ, ಎರಡೂ ಬದಿ ಒಂದೇ ಗಿಲಾವಾದರೆ, ಒಂದು ಬದಿ ಮಾತ್ರ ವಜಾ, ಇನ್ನೊಂದು ಬದಿ ಅಂಚಿನ ಕೂಲಿಗೆ ಸಮ. 3 ದಾಟಿದರೆ ಎರಡೂ ಬದಿ ವಜಾ ಮಾಡಿ ಅಂಚುಗಳನ್ನು ಅಳೆದು ಸೇರಿಸಬೇಕು. ನಿಮ್ಮ ಬಾಗಿಲು 2.28 ಚದರ ಮೀಟರ್. ಹಾಗಾಗಿ 245 ಚದರಡಿ ವಜಾ. 18ರ ದರದಲ್ಲಿ ಅತ್ತ 4,410, ಇತ್ತ 4,410. ಇಷ್ಟು ಮೊತ್ತಕ್ಕೆ ಎರಡು ವಾರ ಕೆಲಸ ನಿಂತ ಸೈಟುಗಳಿವೆ. ಚೀಟಿಯಲ್ಲಿ "ಅಳತೆ ಐಎಸ್ 1200ರಂತೆ" ಎಂದು ಬರೆದು ಈ ಬಾಗಿಲಿನ ಉದಾಹರಣೆಯನ್ನೇ ಕೆಳಗೆ ಬಿಡಿಸಿ ತೋರಿಸಿ. ನಿಯಮದ ಹೆಸರು ಮೇಸ್ತ್ರಿಗೆ ಬೇಡ, ಚಿತ್ರ ಬೇಕು.

ಇನ್ನು ನಿಮ್ಮ ಮೊದಲ ಪ್ರಶ್ನೆ, ಆಳುಗಳ ಮನಸ್ಸು. ಬಿಟ್ಟುಹೋದ ಆರು ಜನ ಹೆಚ್ಚು ಹಾಜರಿಗೆ ಆಸೆಪಟ್ಟು ಹೋದರು ಎಂದು ನೀವು ತಿಳಿದಿರಬಹುದು. ಇರಬಹುದು. ಆದರೆ ಮೊದಲು ವಿಚಾರಿಸಬೇಕಾದದ್ದು, ಯುಗಾದಿಗೆ ಹೋಗುವಾಗ ಅವರ ಬಾಕಿ ಎಷ್ಟಿತ್ತು ಎಂಬುದು. ನೀವು ಮೇಸ್ತ್ರಿಗೆ ಶನಿವಾರ ಕೊಟ್ಟಿರುತ್ತೀರಿ. ಅವನು ಆಳಿಗೆ ಕೊಟ್ಟನೋ, ಇನ್ನೊಂದು ಸೈಟಿನ ಬಾಕಿಗೆ ಹಾಕಿದನೋ ನಿಮಗೆ ಗೊತ್ತಿಲ್ಲ. ಎರಡು ವಾರದ ಪಗಾರ ಸಿಕ್ಕದ ಆಳು ಮೂರನೇ ವಾರ ಬೇರೆ ಕಡೆ ದಿನಗೂಲಿ ಹಿಡಿಯುತ್ತಾನೆ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ದಿನಗೂಲಿ ಆದರೆ ಆ ದಿನದ ಪಾಳಿ ಮುಗಿದಾಗ, ವಾರದ ಲೆಕ್ಕವಾದರೆ ವಾರದ ರಜೆಗೆ ಹಿಂದಿನ ಕೆಲಸದ ದಿನ ಪಗಾರ ಸೇರಬೇಕು. ಕೆಲಸ ಬಿಟ್ಟವನ ಬಾಕಿ ಎರಡು ಕೆಲಸದ ದಿನದೊಳಗೆ. ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ದರ. ಒಂದೇ ಕೆಲಸಕ್ಕೆ ಹೆಣ್ಣುಮಕ್ಕಳಿಗೆ ಕಡಿಮೆ ಹಾಜರಿ ಕೊಡುವಂತಿಲ್ಲ, ರೂಢಿ ಏನೇ ಇರಲಿ. ಉಪಗುತ್ತಿಗೆಯವನು ಕೊಡದಿದ್ದರೆ ಆ ಬಾಕಿ ಸುತ್ತಿ ಬಂದು ನಿಮ್ಮ ತಲೆಗೇ ಬೀಳುತ್ತದೆ, ಮೂರು ವರ್ಷದವರೆಗೆ ಕೇಳಬಹುದು. ಮೇಸ್ತ್ರಿಗೆ ಕೊಟ್ಟ ರಸೀದಿ ಆಗ ನಿಮ್ಮನ್ನು ಕಾಯುವುದಿಲ್ಲ, ಆಳಿನ ಸಹಿ ಇರುವ ಹಾಜರಿ ಪುಸ್ತಕ ಕಾಯುತ್ತದೆ.

ಆದ್ದರಿಂದ ಬಟವಾಡೆ ನಿಮ್ಮ ಕಣ್ಣೆದುರು ಆಗಲಿ. ಶನಿವಾರ ಐದು ಗಂಟೆಗೆ, ಸೈಟಿನಲ್ಲೇ, ಮೇಸ್ತ್ರಿಯ ಎದುರಿಗೆ. ಹಾಜರಿ ಪುಸ್ತಕದಲ್ಲಿ ಹೆಸರು, ದಿನ, ದರ, ಮುಂಗಡ, ಕೈಗೆ ಸಂದದ್ದು, ಸಹಿ ಅಥವಾ ಹೆಬ್ಬೆಟ್ಟು. ಯುಪಿಐ ಮಾಡಿದರೆ ಆಳಿನ ಸ್ವಂತ ನಂಬರಿಗೆ. ಐದು ಜನರದ್ದು ಒಬ್ಬನ ಫೋನಿಗೆ ಹಾಕಿದರೆ ಮತ್ತೆ ಹಳೆಯ ಕಥೆಯೇ. ಮೇಸ್ತ್ರಿಗೆ ಮುಜುಗರವಾಗುತ್ತದೆ, ನಿಜ. ಗುಂಪಿನಲ್ಲಿ ಅವನ ಮರ್ಯಾದೆ ಉಳಿಯಬೇಕಾದರೆ ಹಣ ಅವನ ಕೈಯಿಂದಲೇ ಕೊಡಿಸಿ, ಪುಸ್ತಕ ನಿಮ್ಮ ಕೈಯಲ್ಲಿರಲಿ.

ಮುಂಗಡದ ವಿಷಯದಲ್ಲಿ ಒಂದು ಎಚ್ಚರಿಕೆ. ಹಬ್ಬಕ್ಕೆ, ಮದುವೆಗೆ, ಆಸ್ಪತ್ರೆಗೆ ಆಳು ಕೇಳುತ್ತಾನೆ, ಕೊಡುವುದು ತಪ್ಪಲ್ಲ. ಒಂದು ವಾರದ ಪಗಾರ ದಾಟದಿರಲಿ, ನಾಲ್ಕು ವಾರದಲ್ಲಿ ಸಮಭಾಗವಾಗಿ ಮುರಿಯಿರಿ. ಎಲ್ಲ ಕಡಿತ ಸೇರಿ ಆ ಅವಧಿಯ ಪಗಾರದ ಅರ್ಧ ಮೀರುವಂತಿಲ್ಲ. ಆದರೆ ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಆಧಾರ್ ಕಾರ್ಡು, ಫೋನು ಇಟ್ಟುಕೊಳ್ಳುವುದು, ತಾಂಡಾಕ್ಕೆ ಜನ ಕಳಿಸಿ ಎಳೆತರುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಅದು "ಉದ್ಯೋಗದ ತಕರಾರು" ಅಲ್ಲ, ಕ್ರಿಮಿನಲ್ ಕೇಸು.

ಪಗಾರದ ನಂತರ ಆಳನ್ನು ಹಿಡಿದಿಡುವುದು ಕೈಗೆ ಕೆಲಸ. ಗಿಲಾವಿನವರು ಚದರಡಿ ಲೆಕ್ಕದವರು. ಉಸುಕಿನ ಗಾಡಿ ಎರಡು ತಾಸು ತಡವಾದರೆ ಎಂಟು ತಾಸಿನಲ್ಲಿ ಕಾಲು ಭಾಗ ಗಳಿಕೆ ಹೋಯಿತು. ನೀವು ಅವರನ್ನು ಬೈದಿಲ್ಲ, ಪಗಾರ ಮುರಿದಿಲ್ಲ, ಆದರೂ ಅವರು ಬೇರೆ ಸೈಟು ನೋಡುತ್ತಾರೆ. 12 ಮಿ.ಮೀ. ಗಿಲಾವು, 1:4 ಮಾಲು (ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಉಸುಕು) ಆದರೆ 100 ಚದರಡಿಗೆ ಸುಮಾರು ಒಂದು ಚೀಲ ಸಿಮೆಂಟು, 5 ಘನಅಡಿ ಉಸುಕು. ನಾಲ್ಕು ಗೌಂಡಿ ಆರು ದಿನ ನಡೆದರೆ ವಾರಕ್ಕೆ 24 ಚೀಲ ಸಿಮೆಂಟು, 1.2 ಬ್ರಾಸ್ ಉಸುಕು (ಒಂದು ಬ್ರಾಸ್ ಎಂದರೆ 100 ಘನಅಡಿ). ಸೋಸಿದ ಉಸುಕು ಎರಡು ದಿನದ್ದು ಯಾವಾಗಲೂ ಮುಂದೆ ಇರಲಿ. ಹಿಂದಿನ ಸಂಜೆ ಐದಕ್ಕೆ ಮೇಸ್ತ್ರಿಗೆ ಮೂರೇ ಪ್ರಶ್ನೆ ಕೇಳಿ: ನಾಳೆ ನೀರು ಇದೆಯೇ, ಅಟ್ಟಣಿಗೆ ಎಲ್ಲಿ ಕಟ್ಟಿದೆ, ವೈರಿಂಗಿನವನ ಪೈಪು ಗೋಡೆಯಲ್ಲಿ ಕೂತಿದೆಯೇ. ಮೂರನೆಯದ್ದು ಮರೆತರೆ ಗಿಲಾವು ಮಾಡಿದ ಗೋಡೆ ಮತ್ತೆ ಒಡೆಯುತ್ತಾರೆ. ಗೌಂಡಿಗೆ ತನ್ನ ಕೆಲಸ ಕಣ್ಣೆದುರೇ ಒಡೆಯುವುದಕ್ಕಿಂತ ಬೇಸರ ಇನ್ನೊಂದಿಲ್ಲ. ನಿಮ್ಮ ಕಡೆಯಿಂದ ಸಾಮಾನು ಬಾರದೆ ಆಳು ಕೂತರೆ ಅರ್ಧ ಹಾಜರಿ ಎಂದು ಮೊದಲೇ ಹೇಳಿಬಿಡಿ. ಆ ಖರ್ಚು ನಿಮ್ಮ ಸಾಮಾನು ತರುವವನನ್ನು ಎಚ್ಚರವಾಗಿಡುತ್ತದೆ.

ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆಯಿಂದ ಹನ್ನೊಂದು, ಮತ್ತೆ ಮೂರರಿಂದ ಆರೂವರೆ ಎಂದು ಹೊತ್ತು ಬದಲಿಸಿ. ಆಳಿಗೂ ಹಿತ, ಗೋಡೆಗೂ ಹಿತ. ಮಟಮಟ ಮಧ್ಯಾಹ್ನ ಹಚ್ಚಿದ ಹೊರಗಿಲಾವು ನೀರು ಬೇಗ ಆರಿ ಕೂದಲೆಳೆ ಬಿರುಕು ಬಿಡುತ್ತದೆ. ಹೆಣ್ಣುಮಕ್ಕಳಿರುವ ಸೈಟಿನಲ್ಲಿ ಚಿಲಕ ಇರುವ ಶೌಚಾಲಯ ಮೊದಲ ದಿನವೇ ಬೇಕು. ಅದಿಲ್ಲದೆ ಹೆಲ್ಪರ್ ಹೆಣ್ಣುಮಗಳು ಬರುವುದು ಬಿಟ್ಟರೆ ಅವಳ ಜೊತೆ ಗೌಂಡಿ ಗಂಡನೂ ಬಿಡುತ್ತಾನೆ; ಜೋಡಿಯಾಗಿ ಬಂದವರು ಜೋಡಿಯಾಗಿಯೇ ಹೋಗುತ್ತಾರೆ.

ಖರ್ಚಿಲ್ಲದ ಒಂದು ಉಪಕಾರ ಉಂಟು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ ಬೇಕು, ವಯಸ್ಸು 18ರಿಂದ 60. ನಿಮ್ಮ ಹಾಜರಿ ಪುಸ್ತಕ ಸರಿಯಿದ್ದರೆ ಅದನ್ನು ಕೊಡಲು ನಿಮಗೆ ಹತ್ತು ನಿಮಿಷ. ಮಕ್ಕಳ ಓದಿನ ಸಹಾಯಧನಕ್ಕೆ ಅದೇ ಕಾರ್ಡು ಆಧಾರ. 90 ದಿನ ತುಂಬಿದವರಿಗೆ ಪ್ರಮಾಣಪತ್ರ ಎಂದು ಸೈಟಿನಲ್ಲಿ ಗೊತ್ತಾದರೆ 60 ದಿನಕ್ಕೆ ಬಿಡುವವನು ಒಂದು ತಿಂಗಳು ಯೋಚಿಸುತ್ತಾನೆ. ನಿಮ್ಮಲ್ಲಿ ದುಡಿಯದವರಿಗೆ ಮಾತ್ರ ಯಾರು ಹೇಳಿದರೂ ಸಹಿ ಹಾಕಬೇಡಿ.

ಇಷ್ಟಾದರೂ ರೋಹಿಣಿ ಮಳೆ ಬಿದ್ದ ಮೇಲೆ ಕುಂದಗೋಳ, ನವಲಗುಂದ, ಶಿಗ್ಗಾಂವಿಯ ಆಳು ಬಿತ್ತನೆಗೆ ಹೋಗೇ ಹೋಗುತ್ತಾನೆ. ಎರಡೆಕರೆ ಹೆಸರು, ಸೋಯಾ, ಗೋವಿನಜೋಳ ಬಿತ್ತದೆ ಅವನ ವರ್ಷ ಸಾಗದು. ಅದನ್ನು ನಿಷ್ಠೆಯ ಪ್ರಶ್ನೆ ಮಾಡಬೇಡಿ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಮತ್ತು ಪಂಚಮಿಯ ವಾರ ನಿಮ್ಮ ಕೆಲಸದ ಪಟ್ಟಿಯಲ್ಲಿ ಅರ್ಧ ಆಳು ಎಂದೇ ಬರೆಯಿರಿ. ಬಿಹಾರ, ಒಡಿಶಾ, ಬಂಗಾಳದ ತಂಡವಾದರೆ ಹೋಳಿ, ಈದ್, ಛಠ್ ಹಾಗೆಯೇ. ಹೋಗುವ ಮುನ್ನ ಪೂರ್ತಿ ಬಾಕಿ ಚುಕ್ತಾ ಮಾಡಿ ಕಳಿಸಿ. ಬಾಕಿ ಹಿಡಿದಿಟ್ಟರೆ ವಾಪಸ್ ಬರುತ್ತಾರೆ ಎನ್ನುವುದು ಗುತ್ತಿಗೆದಾರರ ಹಳೆಯ ನಂಬಿಕೆ. ಬಾಕಿ ವಸೂಲಿಗೆ ಬರುತ್ತಾರೆ ಸರಿ, ಕೆಲಸಕ್ಕಲ್ಲ.

ಈಗ ಮಾಲೀಕರ ಕಡೆ. ಒಂದು ಮಾತು ಮೊದಲೇ: ಸಿಟ್ಟಿನಲ್ಲಿ ಬೀಗ ಹಾಕಿ ಬರಬೇಡಿ. ನೋಟಿಸಿಲ್ಲದೆ ಕೆಲಸ ನಿಲ್ಲಿಸಿದರೆ ಕರಾರು ಮುರಿದವರು ನೀವಾಗುತ್ತೀರಿ, ಮೇಲಾಗಿ ಅವರು ಗ್ರಾಹಕ ಆಯೋಗಕ್ಕೂ ಹೋಗಬಹುದು. ಹಂತದ ಹಣ ಮೊದಲು ಬರಬೇಕು ಎಂದು ಕರಾರಿದ್ದರೆ, ತನ್ನ ಪಾಲು ಮಾಡದವರು ಎದುರಿನವರ ಪಾಲು ಕೇಳಲಾರರು ಎಂದು 1872ರ ಕರಾರು ಕಾಯ್ದೆಯ 54ನೇ ಕಲಂ ನಿಮ್ಮ ನೆರವಿಗೆ ಬರುತ್ತದೆ. ಆದರೆ ಯಾವ ಹಂತ, ಯಾವ ದಿನ ಮುಗಿಯಿತು, ಎಷ್ಟು ಬಾಕಿ, ಎಷ್ಟು ದಿನದೊಳಗೆ ಬೇಕು ಎಂದು ಬರೆದುಕೊಟ್ಟ ಮೇಲೆ.

ಹೆಚ್ಚುವರಿ ಕೆಲಸ ಬಾಯಿ ಮಾತಿನದ್ದಾದರೂ ಸತ್ತುಹೋಗಿಲ್ಲ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭ ಪಡೆದವರು ಅದರ ಬೆಲೆ ಕೊಡಬೇಕು ಎಂಬುದು ಅದೇ ಕಾಯ್ದೆಯ 70ನೇ ಕಲಂ. ಶೌಚಾಲಯ, ಮೆಟ್ಟಿಲು ಕಣ್ಣಿಗೆ ಕಾಣುತ್ತವೆ, ಮಂಜೂರಾದ ನಕ್ಷೆಯ ಪಕ್ಕ ಇಟ್ಟರೆ ಸಾಕು. ಕಷ್ಟ ಪಾಯದ್ದು. ಎರೆಮಣ್ಣು ಎಷ್ಟು ಆಳ ಹೋಗುತ್ತದೆ ಎಂದು ಪರೀಕ್ಷೆ ಗುಂಡಿ ತೆಗೆಯದೆ ಹೇಳಲಾಗದು. ಗಟ್ಟಿ ಗರಸು (ಜಲ್ಲಿ ಬೆರೆತ ಮಣ್ಣು) ಸಿಗುವವರೆಗೆ ಅಗೆಯಲೇಬೇಕು. ಹನ್ನೆರಡು ಕಾಲಮ್ಮಿಗೆ 5 × 5 ಅಡಿ ಗುಂಡಿ, 2 ಅಡಿ ಹೆಚ್ಚು ಎಂದರೆ 600 ಘನಅಡಿ, 6 ಬ್ರಾಸ್ ಅಗೆತ, ಅದರಲ್ಲಿ ಬಹುಪಾಲು ಮತ್ತೆ ಗರಸು ತುಂಬುವುದು. ಕಾಲಮ್ ಒಟ್ಟು 24 ಅಡಿ ಉದ್ದವಾಯಿತು. 9 × 15 ಇಂಚಿನದಾದರೆ 22.5 ಘನಅಡಿ ಕಾಂಕ್ರೀಟು, 16 ಮಿ.ಮೀ.ಯ ಆರು ರಾಡಿಗೆ, ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ 1.58 ಕೆಜಿಯಂತೆ, ಸುಮಾರು 69 ಕೆಜಿ ಕಬ್ಬಿಣ, ರಿಂಗು ಬೇರೆ. ಇದಕ್ಕೆ ಕರಾರಿನಲ್ಲಿ ದರ ಇಲ್ಲದಿದ್ದರೆ ಲೋಕೋಪಯೋಗಿ ಇಲಾಖೆಯ ಚಾಲ್ತಿ ದರಪಟ್ಟಿ ಹಿಡಿದು ಕೇಳಿ. "ನಾನು ಹೇಳಿದ್ದು" ಎನ್ನುವುದಕ್ಕಿಂತ ಅದು ಗಟ್ಟಿ. ಜೆಸಿಬಿಯ ತಾಸಿನ ಚೀಟಿ, ಗರಸಿನ ಟ್ರಿಪ್ಪಿನ ಚೀಟಿ, ಆ ದಿನ ಎಂಜಿನಿಯರಿಗೆ ಕಳಿಸಿದ ವಾಟ್ಸ್‌ಆಪ್ ಫೋಟೊ ಹುಡುಕಿ. ಫೋಟೊ ಇರುವ ಫೋನನ್ನು ಮಾರಬೇಡಿ. ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಏನೂ ಇಲ್ಲದಿದ್ದರೆ ಕೊನೆಯ ದಾರಿ, ಒಂದು ಮೂಲೆ ಕಾಲಮ್ಮಿನ ಪಕ್ಕ ಅಗೆದು ಅಡಿಯವರೆಗೆ ತೋರಿಸುವುದು. ಒಣ ದಿನ ನೋಡಿ, 5 ಅಡಿ ಕೆಳಗಿಳಿದರೆ ಬದಿಗೆ ಹಲಗೆ ಕೊಟ್ಟು ಅಗೆಸಿ. ಎರೆಮಣ್ಣಿನ ಗೋಡೆ ಸದ್ದಿಲ್ಲದೆ ಕುಸಿಯುತ್ತದೆ.

ಇನ್ನು ಮುಂದೆ ಮಾಲೀಕರು ಸೈಟಿಗೆ ಬಂದು ಏನಾದರೂ ಬದಲಾಯಿಸಿದರೆ ಅದೇ ಸಂಜೆ ಇಷ್ಟು ಬರೆದು ಕಳಿಸಿ:

"ಸರ್, ಇಂದು ಬೆಳಿಗ್ಗೆ ಸೈಟಿನಲ್ಲಿ ತಾವು ಹೇಳಿದಂತೆ ಪ್ಯಾರಪೆಟ್ 3 ಅಡಿ ಬದಲು 4 ಅಡಿ ಮಾಡುತ್ತಿದ್ದೇವೆ. ಹೆಚ್ಚುವರಿ 130 ಅಡಿ ಉದ್ದ, 1 ಅಡಿ ಎತ್ತರ. ದರ ಇಷ್ಟು, ಹೆಚ್ಚುವರಿ ದಿನ 3. ನಾಡಿದ್ದು ಕೆಲಸ ಶುರು. ಬೇಡವಾದರೆ ಅಷ್ಟರೊಳಗೆ ತಿಳಿಸಿ."

ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಕಾನೂನು ತಾನಾಗಿಯೇ ಹೇಳುವುದಿಲ್ಲ. ಆದರೆ ಸಂದೇಶ ಓದಿ, ಕೆಲಸ ನಡೆಯುವುದನ್ನು ಕಂಡು, ಸುಮ್ಮನಿದ್ದವರು ಆಮೇಲೆ "ನಾನು ಹೇಳೇ ಇಲ್ಲ" ಎನ್ನುವುದು ಬಹಳ ಕಷ್ಟ. ದಿನದ ಲೆಕ್ಕ ಬರೆಯುವುದನ್ನು ಮಾತ್ರ ಮರೆಯಬೇಡಿ. ದುಡ್ಡು ಕೇಳುವವರು ಬಹಳ, ದಿನ ಕೇಳುವವರು ಕಡಿಮೆ. ದಂಡದ ತಕರಾರು ದಿನದ ಮೇಲೇ ನಿಂತಿರುತ್ತದೆ.

ನಿಮ್ಮ ದಂಡವನ್ನೇ ನೋಡಿ. 13 ವಾರ, ಶೇ 6.5 ಆಗಿ ಶೇ 5ಕ್ಕೆ ನಿಂತು 2,77,500. ಪಾಯ ಆಳವಾದದ್ದಕ್ಕೆ 12 ದಿನ, ಮೆಟ್ಟಿಲಿಗೆ 15, ಬಿಲ್ಲು ತಡವಾಗಿ ಸಿಮೆಂಟು ನಿಂತದ್ದಕ್ಕೆ 22 ಎಂದು ನೀವು ತೋರಿಸಬಲ್ಲಿರಾದರೆ 49 ದಿನ, ಏಳು ವಾರ ಕಳೆಯಿತು. ಒಂದೇ ದಿನವನ್ನು ಎರಡು ಕಾರಣಕ್ಕೆ ಬರೆದಿದ್ದರೆ ಎದುರಿನವರು ಇಡೀ ಪಟ್ಟಿಯನ್ನೇ ನಂಬುವುದಿಲ್ಲ, ಒಮ್ಮೆ ತಿದ್ದಿ. ಉಳಿದ ಆರು ವಾರಕ್ಕೆ ಶೇ 3, ಅಂದರೆ 1,66,500. ಇದೂ ಪೂರ್ತಿ ಅವರದ್ದೇ ಎಂದಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲ್ಮಿತಿ, ಸಿಗುವುದು ನ್ಯಾಯವಾದಷ್ಟು. ಬರೆದ ಮೊತ್ತ ನಷ್ಟದ ಪ್ರಾಮಾಣಿಕ ಅಂದಾಜಾಗಿದ್ದರೆ ಪ್ರತ್ಯೇಕ ಪುರಾವೆ ಬೇಡ ಎಂದು ಸುಪ್ರೀಂ ಕೋರ್ಟು 2003ರಲ್ಲಿ ಸಾ ಪೈಪ್ಸ್ ಪ್ರಕರಣದಲ್ಲಿ ಹೇಳಿತು; ನಷ್ಟವೇ ಆಗದಿದ್ದರೆ ಪರಿಹಾರವಿಲ್ಲ ಎಂದು 2015ರ ಕೈಲಾಶ್‌ನಾಥ್ ತೀರ್ಪು ಹೇಳುತ್ತದೆ. ಮಾಲೀಕರು ತಿಂಗಳಿಗೆ 14,000 ಬಾಡಿಗೆ ಕಟ್ಟುತ್ತಿದ್ದರೆ ಆರು ವಾರಕ್ಕೆ ಅವರ ನೇರ ನಷ್ಟ ಸುಮಾರು 21,000. ಮಾತುಕತೆ 21,000 ಮತ್ತು 1,66,500ರ ನಡುವೆ ನಡೆಯಬೇಕು, 2,77,500ರಿಂದ ಅಲ್ಲ.

ಇನ್ನೊಂದನ್ನು ಪರಿಶೀಲಿಸಿ. ಅವಧಿ ಮುಗಿದ ಮೇಲೂ ಅವರು ಕೆಲಸ ಮಾಡಿಸಿಕೊಂಡರೇ? ಆಗ "ತಡಕ್ಕೆ ಪರಿಹಾರ ಕೇಳುತ್ತೇನೆ" ಎಂದು ತಿಳಿಸಿದ್ದರೇ? ಅವಧಿಯೇ ಮುಖ್ಯವಾದ ಕರಾರಿನಲ್ಲಿ ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗಲೇ ಅದನ್ನು ತಿಳಿಸದಿದ್ದರೆ ಪರಿಹಾರ ಕೇಳಲಾಗದು ಎಂದು 55ನೇ ಕಲಂ ಹೇಳುತ್ತದೆ. ಇದೇ ಕಲಂ ನಿಮ್ಮ ಮೇಸ್ತ್ರಿಯ ವಿಷಯದಲ್ಲಿ ನಿಮಗೂ ತಗಲುತ್ತದೆ.

ಕೋರ್ಟು ಎಂದರೆ ದಾರಿ ಯಾವುದು? ಕರಾರಿನಲ್ಲಿ ಮಧ್ಯಸ್ಥಿಕೆ (ಆರ್ಬಿಟ್ರೇಶನ್) ಕಲಂ ಇದೆಯೇ ನೋಡಿ. ಇದ್ದು, ಮಾಲೀಕರದೇ ಆರ್ಕಿಟೆಕ್ಟ್ ಮಧ್ಯಸ್ಥ ಎಂದು ಬರೆದಿದ್ದರೆ, ವಿವಾದದಲ್ಲಿ ಹಿತಾಸಕ್ತಿ ಇರುವವರು ಮಧ್ಯಸ್ಥರಾಗುವಂತಿಲ್ಲ ಎಂದು ಮಧ್ಯಸ್ಥಿಕೆ ಕಾಯ್ದೆಯ 2015ರ ತಿದ್ದುಪಡಿ ಹೇಳುತ್ತದೆ. ಒಪ್ಪಂದ ಬಾರದಿದ್ದರೆ ನೇಮಕಕ್ಕೆ ಹೈಕೋರ್ಟಿನ ಧಾರವಾಡ ಪೀಠ. ಸ್ಟ್ಯಾಂಪ್ ಪೇಪರ್ ಮೇಲೆ ಬರೆದಿಲ್ಲ ಎಂದು ಹೆದರಬೇಡಿ, ಆ ಕೊರತೆಯನ್ನು ದಂಡ ಕಟ್ಟಿ ತುಂಬಬಹುದು. ಆದರೆ ಐದಾರು ಲಕ್ಷಕ್ಕೆ ಮಧ್ಯಸ್ಥರ ಫೀಸು ಭಾರ. ಮಧ್ಯಸ್ಥಿಕೆ ಕಲಂ ಇಲ್ಲದಿದ್ದರೆ 3 ಲಕ್ಷ ಮೀರಿದ ಕಟ್ಟಡ ಕರಾರಿನ ದಾವೆ ವಾಣಿಜ್ಯ ನ್ಯಾಯಾಲಯಕ್ಕೆ, ತುರ್ತು ತಡೆಯಾಜ್ಞೆ ಬೇಡದಿದ್ದರೆ ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಂಧಾನ ಕಡ್ಡಾಯ. ಅದಕ್ಕೆ ಮೂರು ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು. ಅಲ್ಲಿ ಆದ ರಾಜಿಗೆ ಮಧ್ಯಸ್ಥಿಕೆ ತೀರ್ಪಿನ ಬಲವಿದೆ. ನಿಮ್ಮಂಥ ತಕರಾರಿಗೆ ಇದೇ ಸರಿಯಾದ ಬಾಗಿಲು. ಬಾಕಿ ಕೇಳಲು ಒಟ್ಟು ಮೂರು ವರ್ಷ. "ಕೊಡತೀನಿ ತಡೀರಿ" ಎಂಬ ಮಾತಿನಲ್ಲೇ ಅದು ಕಳೆದುಹೋಗುವುದುಂಟು.

ಅಲ್ಲಿಗೂ ಹೋಗುವ ಮುನ್ನ ಇದೇ ವಾರ ಇಬ್ಬರಿಗೂ ಗೊತ್ತಿಲ್ಲದ ಒಬ್ಬ ಎಂಜಿನಿಯರನ್ನು ಎರಡು ದಿನಕ್ಕೆ ಗೊತ್ತುಮಾಡಿ. ಮೊದಲ ದಿನ ಮೇಸ್ತ್ರಿಯ ಜೊತೆ ಅಳತೆ, ಎರಡನೇ ದಿನ ಮಾಲೀಕರ ಜೊತೆ. ಈ ಕ್ರಮ ತಿರುವಬೇಡಿ: ಪ್ಯಾರಪೆಟ್ ಎಷ್ಟು ಅಡಿ, ಛಜ್ಜ ಎಷ್ಟು ಎಂದು ಮೇಸ್ತ್ರಿಯ ಸಹಿ ಬಿದ್ದ ಹಾಳೆಯೇ ಮಾಲೀಕರ ಎದುರು ನಿಮ್ಮ ಹೆಚ್ಚುವರಿ ಬಿಲ್ಲಿನ ಅರ್ಧ. ಪುಸ್ತಕದ ಪುಟಕ್ಕೆ ನಂಬರು ಹಾಕಿ, ಅಲ್ಲಿಯೇ ಸಹಿ ಮಾಡಿಸಿ. ಒಪ್ಪದ ಐಟಂ ಇದ್ದರೆ "ತಕರಾರು ಇದೆ" ಎಂದು ಅವರ ಕೈಯಲ್ಲೇ ಬರೆಸಿ, ಮುಂದಿನ ಐಟಮ್ಮಿಗೆ ಹೋಗಿ. ತಕರಾರಿಲ್ಲದ ಭಾಗದ ಹಣ ತಕ್ಷಣ ಬಿಡಲು ಮಾಲೀಕರನ್ನು ಕೇಳಿ, ನೀವೂ ಮೇಸ್ತ್ರಿಗೆ ಹಾಗೇ ಮಾಡಿ. ಆ ಹಣದಲ್ಲಿ ಮೊದಲು ಪಶ್ಚಿಮದ ಹೊರಗೋಡೆ ಹಿಡಿಸಿ. ಮುಂಗಾರು ಹೊಡೆಯುವುದು ಆ ಕಡೆಯಿಂದ. ಒಳಗಿಲಾವು ಮಳೆಯಲ್ಲೂ, ಅರ್ಧ ಆಳಿನಲ್ಲೂ ನಡೆಯುತ್ತದೆ.